ತೆಳ್ಳನೆಯ ಪುಸ್ತಕ

ಹೋಬರ್ಟ್ ಸ್ಲೋನನಿಗೆ ದಪ್ಪ ಪುಸ್ತಕ ಕಂಡರೆ ಆಗುತ್ತಿರಲಿಲ್ಲ. ದಿನಬೆಳಗಾದರೆ ಬೆಟ್ಟದ ಹೊಟ್ಟೆಯೊಳಗೆ ತೆವಳಿಕೊಂಡು ಹೋಗಿ ಕಲ್ಲಿದ್ದಲು ಅಗೆಯಲು ಹೆದರದವನು ಪುಸ್ತಕಕ್ಕೆ ಹೆದರುತ್ತಿದ್ದ. ಇದು ಅವನ ಹೆಂಡತಿ ರೆವಾಳಿಗೆ ಮದುವೆಯಾದ ಲಾಗಾಯ್ತಿನಿಂದ ಗೊತ್ತಿತ್ತು. ಹಾಗಾಗಿ ಕಾಲೇಜಿನ ಪರೀಕ್ಷಾ ಕಚೇರಿಯಲ್ಲಿ ಡೆನಿಸ್ ಎರಡು ಪುಸ್ತಕಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ರೆವಾಳ ಕೈ ತಾನಾಗಿ ತೆಳ್ಳನೆಯದರ ಕಡೆಗೆ ಹೋಯಿತು.

"ಅದು ಬೇಡ ರೆವಾ," ಎಂದಳು ಡೆನಿಸ್. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ರೆವಾ ಈಗ ಅದೇ ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಾಳೆ, ಡೆನಿಸ್ ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಪರೀಕ್ಷೆ ಬರೆಸುತ್ತಾಳೆ. "ಅಕೌಂಟಿಂಗ್ ಒಂದ್ಸಲ ಓದಿ ಮರೆತೋರಿಗೆ ಅದು, ಸುಮ್ನೆ ನೆನಪು ಮಾಡ್ಕೊಳ್ಳೋಕೆ. ನಿನ್ನ ಗಂಡ ಶುರುವಿಂದ ಕಲೀಬೇಕು. ಈ ದಪ್ಪದ್ದು ತಗೊಂಡು ಹೋಗು. ಲೈಬ್ರರೀದು, ಪುಕ್ಕಟೆ."

"ಅದನ್ನ ನೋಡಿದ್ರೆ ಅವನು ಬಾಗಿಲು ಹಾಕ್ಕೊಂಡು ಮಲಗ್ತಾನೆ ಕಣೆ. ಗಣೀಲಿ ಇವನ ಜೊತೆ ದುಡಿಯೋ ಎಸ್ಟಿಲ್ ಈ ಸಣ್ಣದೊಂದನ್ನೇ ಓದಿ ಪಾಸಾದ್ನಂತೆ. ಎರಡೇ ವಾರಕ್ಕೆ!"

"ಎಸ್ಟಿಲ್ ಅವರಪ್ಪನ ಅಂಗಡಿ ಲೆಕ್ಕ ಬರೀತಾ ಬರೀತಾನೇ ಮೀಸೆ ಬಂದೋನು. ಏನೂ ಓದದೆ ಹೋಗಿದ್ರೂ ಪಾಸಾಗ್ತಿದ್ದ," ಎಂದು ಡೆನಿಸ್ ಕನ್ನಡಕ ತೆಗೆದಳು. "ನೋಡು, ಇದೊಂದು ನೆನಪಿಟ್ಕೋ. ಫೇಲಾದ್ರೆ ಮೂರು ತಿಂಗಳು ಮತ್ತೆ ಕೂರೋ ಹಾಗಿಲ್ಲ. ತಯಾರಿ ಆಗಿಲ್ಲ ಅನ್ನಿಸಿದ್ರೆ ನಂಗೊಂದು ಫೋನ್ ಮಾಡು, ದಿನ ಮುಂದಕ್ಕೆ ಹಾಕ್ತೀನಿ."

ರೆವಾ ಎಲ್ಲದಕ್ಕೂ ತಲೆಯಾಡಿಸಿದಳು. ತೆಳ್ಳನೆಯದನ್ನೇ ಚೀಲಕ್ಕೆ ಹಾಕಿಕೊಂಡು ಹೊರಟಳು. ಪಾಸಾದವನು ಓದಿದ ಪುಸ್ತಕ ಎಂದರೆ ನಮ್ಮ ಕಡೆಯವರಿಗೆ ಅದೊಂದು ತಾಯಿತ ಇದ್ದಹಾಗೆ. ಅದನ್ನೇ ಓದಿ ಫೇಲಾದವರು ಊರಲ್ಲಿ ಎಷ್ಟು ಜನರಿದ್ದಾರೋ, ಅವರ್‍ಯಾರೂ ಬಾಯಿ ಬಿಡುವುದಿಲ್ಲ.

ಹಿಂದಿನ ಚಳಿಗಾಲದಲ್ಲಿ ಡಾಕ್ಟರು ಹೋಬರ್ಟನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಗಣಿಯ ಧೂಳು ಕುಡಿದರೆ ನೀನು ಉಳಿಯುವುದಿಲ್ಲ ಎಂದು ಮುಖಕ್ಕೆ ಹೊಡೆದಹಾಗೆ ಹೇಳಿದ್ದರು. ಅಂದಿನಿಂದ ಅವನು ರಜೆ ಹಾಕಿ ಮನೆಯಲ್ಲಿದ್ದ. ರೋಗಕ್ಕೆ ಗಣಿಯಿಂದ ಬರಬೇಕಾದ ಪರಿಹಾರದ ಅರ್ಜಿ ವಕೀಲರ ಕೈಯಲ್ಲಿ ಮುಪ್ಪಾಗುತ್ತಿತ್ತು. ಉಳಿದದ್ದು ಒಂದೇ ದಾರಿ. ಗಣಿಯ ಮೇಲಿನ ಉಗ್ರಾಣ ನೋಡಿಕೊಳ್ಳುವ ಮುದುಕ ಏಪ್ರಿಲ್ ಕೊನೆಗೆ ನಿವೃತ್ತನಾಗುವವನಿದ್ದ. ಆ ಕೆಲಸಕ್ಕೆ ಎರಡು ವರ್ಷದ ಕಾಲೇಜು ಡಿಗ್ರಿ ಬೇಕೇ ಬೇಕು. ಹಿಂದೊಮ್ಮೆ ಗಣಿ ಮುಚ್ಚಿದ್ದಾಗ ಹೋಬರ್ಟ್ ಸಂಜೆ ತರಗತಿಗೆ ಹೋಗಿ ಮಿಕ್ಕ ವಿಷಯಗಳನ್ನೆಲ್ಲ ಮುಗಿಸಿದ್ದ, ಅಕೌಂಟಿಂಗ್ ಒಂದು ಬಾಕಿಯಾಗಿತ್ತು. ತರಗತಿಗೆ ಕೂರದೆ ಈ ಒಂದು ಪರೀಕ್ಷೆ ಪಾಸು ಮಾಡಿದರೂ ಕಾಲೇಜು ಅದನ್ನು ಲೆಕ್ಕಕ್ಕೆ ಹಿಡಿದು ಡಿಗ್ರಿ ಕೊಡುತ್ತಿತ್ತು. ಪಾಸಾದರೆ ಬಿಸಿಲಲ್ಲಿ ಕೆಲಸ, ಫೇಲಾದರೆ ಮತ್ತೆ ಕತ್ತಲೆ ಮತ್ತು ಧೂಳು.

ಗಣಿಯವರು ವರ್ಷಕ್ಕೊಮ್ಮೆಯ ಸುರಕ್ಷತೆಯ ಪರೀಕ್ಷೆಗೆ ಓದುವ ರೀತಿಯೇ ಬೇರೆ. ಬೆಳಗ್ಗೆ ಒಳಗೆ ಹೋಗುವ, ಕೂರಲೂ ಎತ್ತರವಿಲ್ಲದ ತಗ್ಗಿನ ಗಾಡಿಯಲ್ಲಿ ಎಲ್ಲರೂ ಅಂಗಾತ ಮಲಗಿರುತ್ತಾರೆ. ಒಬ್ಬ ತನ್ನ ಹಣೆಯ ದೀಪದಲ್ಲಿ ಪ್ರಶ್ನೆ ಓದುತ್ತಾನೆ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದು ಎಷ್ಟನೆಯದೆಂದು ಉಳಿದವರು ಕೂಗುತ್ತಾರೆ. ಗಾಳಿಯಲ್ಲಿ ವಿಷಾನಿಲ ಬಂದರೆ ಏನು ಮಾಡಬೇಕು? ಎರಡನೆಯದು! ಛಾವಣಿ ಸದ್ದು ಮಾಡಿದರೆ? ನಾಲ್ಕನೆಯದು! ವರ್ಷ ವರ್ಷವೂ ಅವೇ ಪ್ರಶ್ನೆಗಳು, ಹಾಗಾಗಿ ವರ್ಷ ವರ್ಷವೂ ಎಲ್ಲರೂ ಪಾಸು. ಹೋಬರ್ಟನಿಗೆ ಪರೀಕ್ಷೆ ಎಂದರೆ ಅದೇ.

"ಓದಮ್ಮ ತಾಯಿ," ಎನ್ನುತ್ತಿದ್ದ ಊಟವಾದ ಮೇಲೆ. ಮೇಜಿನ ಮೇಲೆ ಕಾಳಿನ ಸಾರಿನ ಬಟ್ಟಲುಗಳು ಇನ್ನೂ ಹಾಗೇ ಇರುತ್ತಿದ್ದವು.

"ಮೊದಲು ಪಾಠ ಓದ್ಲಾ?"

"ಪಾಠ ಯಾರಿಗೆ ಬೇಕು? ಪ್ರಶ್ನೆಗೆ ಹೋಗು."

ಪುಸ್ತಕದ ಕೊನೆಗೆ ಒಂದೇ ಒಂದು ಮಾದರಿ ಪರೀಕ್ಷೆಯಿತ್ತು. ಮೊದಲ ದಿನ ಅರ್ಧಕ್ಕರ್ಧ ತಪ್ಪು. ಒಂದು ವಾರಕ್ಕೆ ತಪ್ಪುಗಳು ಕಮ್ಮಿಯಾದವು. ಮಾರ್ಚ್ ಬರುವ ಹೊತ್ತಿಗೆ ಹೋಬರ್ಟ್ ಕುರ್ಚಿಗೆ ಒರಗಿಕೊಂಡು, ಕಣ್ಣು ಮುಚ್ಚಿ, ಉತ್ತರಗಳನ್ನು ಕಡಲೆಬೀಜದ ಸಿಪ್ಪೆಯ ಹಾಗೆ ಉಗುಳುತ್ತಿದ್ದ.

"ಲಾರಿ ತಗೊಂಡಿದ್ದಾರೆ, ಐದು ವರ್ಷ ಬಾಳಿಕೆ ಬರುತ್ತೆ. ವರ್ಷಕ್ಕೆ ಸವಕಳಿ ಎಷ್ಟು?"

"ಮೂರನೆಯದು. ಸವಕಳಿ ಅಂದ್ರೇನು ಅಂತ ನಂಗೇ ಹೇಳ್ಕೊಡ್ತಾರಾ? ನನ್ನ ಎದೆ ಫೋಟೋ ಹಾಕ್ಲಿ ಪುಸ್ತಕದಲ್ಲಿ!"

ಇಬ್ಬರೂ ನಗುತ್ತಿದ್ದರು. ನಕ್ಕು ನಕ್ಕು ಅವನಿಗೆ ಕೆಮ್ಮು ಹತ್ತುತ್ತಿತ್ತು. ಒಂದು ವರ್ಷದಿಂದ ಆ ಮನೆಯಲ್ಲಿ ನಗು ಸತ್ತುಹೋಗಿತ್ತು, ಹಾಗಾಗಿ ಆ ಕೆಮ್ಮು ಕೂಡ ರೆವಾಳಿಗೆ ಅಷ್ಟು ಕೆಟ್ಟದ್ದೆನಿಸಲಿಲ್ಲ.

ಪರೀಕ್ಷೆ ಸೋಮವಾರ. ಶನಿವಾರ ಸಂಜೆ ಓದುವಾಗ ಅವಳ ಬಾಯಿ ತಪ್ಪಿ ಲಾರಿಗೆ ಐದು ವರ್ಷದ ಬದಲು ಹತ್ತು ವರ್ಷವಾಯಿತು.

"ಮೂರನೆಯದು," ಎಂದ ಹೋಬರ್ಟ್.

ರೆವಾ ತಲೆಯೆತ್ತಿದಳು. ಮುಂದಿನ ಪ್ರಶ್ನೆಯಲ್ಲಿ ಬೇಕೆಂದೇ ಸಾಲದ ಜಾಗದಲ್ಲಿ ಆಸ್ತಿ ಎಂದು ಓದಿದಳು. "ಒಂದನೆಯದು," ಎಂದ, ಎಂದಿನಂತೆ. ಅದರ ಮುಂದಿನದರಲ್ಲಿ ಬರೀ ಎರಡು ಪದ ಓದಿ ನಿಲ್ಲಿಸಿದಳು. ಅಷ್ಟಕ್ಕೇ ಉತ್ತರ ಬಂತು. ಇವನಿಗೆ ಲೆಕ್ಕ ಒಂದಿಷ್ಟೂ ಬಂದಿಲ್ಲ. ಬಂದಿರುವುದೆಲ್ಲ ಈ ಪುಸ್ತಕದ ಸಾಲು, ಅವಳದೇ ಧ್ವನಿಯಲ್ಲಿ.

"ಸರಿ ತಾನೆ?" ಎಂದು ಹೋಬರ್ಟ್ ಕಣ್ಣು ಬಿಟ್ಟ.

ಅವತ್ತು ಬೆಳಗ್ಗೆ ಪರೀಕ್ಷೆಗೆಂದೇ ಕ್ಷೌರ ಮಾಡಿಸಿಕೊಂಡು ಬಂದಿದ್ದ. ಕಿವಿಯ ಹಿಂದೆ ಬಿಳಿ ಚರ್ಮ ಕಾಣುತ್ತಿತ್ತು. ಹಿಂದಿನ ಭಾನುವಾರ ಚರ್ಚಿನಲ್ಲಿ ಪಾದ್ರಿ ಅವನ ಹೆಸರು ಹೇಳಿ ಪ್ರಾರ್ಥನೆ ಮಾಡಿಸಿದ್ದರು. ಇಸ್ತ್ರಿಯಾದ ಅಂಗಿ ಬಾಗಿಲ ಹಿಂದೆ ತೂಗುತ್ತಿತ್ತು. ಫೋನು ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಸೋಮವಾರ ಬೆಳಗ್ಗೆ ಡೆನಿಸ್‌ಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಏಪ್ರಿಲ್ ಕೊನೆಯವರೆಗೂ ಕಾಲವಿತ್ತು. ಇದೆಲ್ಲ ಗೊತ್ತಿದ್ದೂ ರೆವಾ ಅವನ ಮುಖ ನೋಡಿದಳು, ಆ ಮುಖವನ್ನು ಬಾಡಿಸುವ ಧೈರ್ಯ ಅವಳಿಗೆ ಬರಲಿಲ್ಲ.

"ಸರಿ," ಎಂದಳು.

ಇಂಥ ಕರುಣೆಗೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಪರೀಕ್ಷೆ ಕಂಪ್ಯೂಟರಿನಲ್ಲಿ. ಕೊನೆಯ ಪ್ರಶ್ನೆ ಮುಗಿದ ತಕ್ಷಣ ಪರದೆಯ ಮೇಲೆ ಫಲಿತಾಂಶ ಬರುತ್ತದೆ. ಹೋಬರ್ಟ್ ಕುರ್ಚಿಯಲ್ಲಿ ಹಾಗೇ ಕುಳಿತುಬಿಟ್ಟದ್ದು ಗಾಜಿನ ಬಾಗಿಲಿನಾಚೆ ನಿಂತಿದ್ದ ರೆವಾಳಿಗೆ ಕಂಡಿತು. ಹೊರಗೆ ಬಂದವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ಒಂದೂ ನಮ್ಮ ಪುಸ್ತಕದ್ದು ಬರ್ಲಿಲ್ಲ ಕಣೆ. ಒಂದಾದ್ರೂ ಬರ್ಬಾರ್ದಾ?" ಎಂದ. ಡೆನಿಸ್ ಅವನನ್ನು ನೋಡಲಿಲ್ಲ, ರೆವಾಳನ್ನು ನೋಡಿದಳು.

ಉಗ್ರಾಣದ ಕೆಲಸ ಪಟ್ಟಣದಿಂದ ಬಂದ ಒಬ್ಬ ಡಿಗ್ರಿಯವನಿಗೆ ಹೋಯಿತು. ಮೇ ತಿಂಗಳಲ್ಲಿ ಹೋಬರ್ಟ್ ತನ್ನ ಹಳೆಯ ಬೂಟುಗಳನ್ನು ಹಾಕಿಕೊಂಡು ಮತ್ತೆ ಒಳಗೆ ಇಳಿದ. ಗಣಿ ಕೊಡುವ ಆರೋಗ್ಯದ ವಿಮೆ ಬೇಕೆಂದರೆ ಕೆಲಸ ಬಿಡುವ ಹಾಗಿರಲಿಲ್ಲ, ಕೆಲಸ ಮಾಡಿದರೆ ಆರೋಗ್ಯ ಉಳಿಯುವ ಹಾಗಿರಲಿಲ್ಲ.

ಜೂನ್‌ನಲ್ಲಿ ಮತ್ತೆ ಪರೀಕ್ಷೆಗೆ ಕೂರುವ ಕಾಲ ಬಂತು. ಡಿಗ್ರಿ ಕೈಗೆ ಬಂದರೆ ನೆಲದ ಮೇಲಿನ ಇನ್ನೊಂದು ಕೆಲಸವಾದರೂ ಸಿಕ್ಕೀತೆಂಬ ಆಸೆ. ಈ ಸಲ ರೆವಾ ಡೆನಿಸ್ ಹೇಳಿದ್ದಂತೆ ಲೈಬ್ರರಿಯಿಂದ ದಪ್ಪದ್ದನ್ನೇ ಹೊತ್ತು ತಂದು ಮೇಜಿನ ಮೇಲಿಟ್ಟಳು. ಹೋಬರ್ಟ್ ಅದನ್ನು ಮೊಣಕೈಯಿಂದ ಆಚೆ ಸರಿಸಿದ. ಒಂದೊಂದು ಉಸಿರಿಗೂ ಅವನ ಹೆಗಲು ಮೇಲೇಳುತ್ತಿತ್ತು.

"ನಮ್ಮದನ್ನೇ ತೆಗಿ. ಈ ಸಲ ಬಂದೇ ಬರುತ್ತೆ. ಓದು."

ಅವಳು ತೆಳ್ಳನೆಯದನ್ನು ತೆರೆದಳು. "ಲಾರಿ ತಗೊಂಡಿದ್ದಾರೆ, ಹತ್ತು ವರ್ಷ ಬಾಳಿಕೆ ಬರುತ್ತೆ..."

"ಮೂರನೆಯದು."

"ತಪ್ಪು."

ಹೋಬರ್ಟ್ ಕಣ್ಣು ಬಿಟ್ಟ. "ತಪ್ಪಾ? ಯಾವತ್ತೂ ಮೂರನೆಯದೇ ಅಲ್ವಾ?"

"ಐದು ವರ್ಷ ಅಂತಿದೆ ಇಲ್ಲಿ. ನಾನು ಹತ್ತು ಅಂದೆ. ನೀನು ಕೇಳಿಸ್ಕೊಳ್ಲೇ ಇಲ್ಲ." ಅವಳು ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದಳು. "ಪರೀಕ್ಷೆಗೆ ಮುಂಚೆ, ಆ ಶನಿವಾರ ಕೂಡ ಹತ್ತು ಅಂದಿದ್ದೆ."

ಅವನು ಆ ಸಾಲಿನ ಮೇಲೆ ಬೆರಳಿಟ್ಟು ಓದಿದ. ಬೈದಿದ್ದರೆ, ಬಟ್ಟಲು ಎತ್ತಿ ಎಸೆದಿದ್ದರೆ ಅವಳಿಗೆ ಎಷ್ಟೋ ನಿರಾಳವಾಗುತ್ತಿತ್ತು.

"ಹಾಗಾದ್ರೆ ಗೊತ್ತಿತ್ತು ನಿಂಗೆ."

"ಹೂಂ."

"ದಿನ ಮುಂದಕ್ಕೆ ಹಾಕಿಸಬಹುದಿತ್ತಾ?"

"ಹಾಕಿಸಬಹುದಿತ್ತು."

ಹೋಬರ್ಟ್ ತಲೆಯಾಡಿಸಿದ. ಕೆಮ್ಮಿದ. ಎದ್ದು ಹೋಗಿ ಮಾರನೆಯ ದಿನದ ಬುತ್ತಿಪೆಟ್ಟಿಗೆಯ ಪಕ್ಕದಲ್ಲಿ ದಪ್ಪ ಪುಸ್ತಕವನ್ನು ತಾನೇ ಇಟ್ಟುಕೊಂಡ.

ಈಗ ಅವನು ಅದನ್ನು ದಿನಾ ಗಣಿಗೆ ಒಯ್ಯುತ್ತಾನೆ. ಒಳಗೆ ಹೋಗುವ ಗಾಡಿಯಲ್ಲಿ ಮಲಗಿಕೊಂಡು ಹಣೆಯ ದೀಪದಲ್ಲಿ ಒಬ್ಬನೇ ಓದುತ್ತಾನಂತೆ, ಯಾರಿಗೂ ಪ್ರಶ್ನೆ ಕೇಳು ಎನ್ನುವುದಿಲ್ಲವಂತೆ. ಎಸ್ಟಿಲ್ ಹೇಳಿದ್ದು. ಸಂಜೆ ಅವನು ಸ್ನಾನಕ್ಕೆ ಹೋದಾಗ ರೆವಾ ಆ ಪುಸ್ತಕವನ್ನು ತೆರೆದು ನೋಡುತ್ತಾಳೆ. ಮೊದಲ ಪಾಠದ ಹಾಳೆಗಳ ಅಂಚಿನಲ್ಲಿ ಹೆಬ್ಬೆರಳಿನ ಕರಿ ಗುರುತುಗಳಿವೆ, ಒಂದರ ಮೇಲೊಂದು ಬಿದ್ದು ದಟ್ಟವಾಗಿವೆ. ಅಲ್ಲಿಂದ ಮುಂದಿನ ಹಾಳೆಗಳು ತಂದ ದಿನದಂತೆಯೇ ಬೆಳ್ಳಗಿವೆ. ಬಚ್ಚಲಿನೊಳಗಿನಿಂದ ಕೆಮ್ಮು ಕೇಳಿಸುತ್ತದೆ. ನಾನು ಓದಿ ಹೇಳಲೇ ಎಂದು ಕೇಳಬೇಕೆಂದು ಅವಳು ಬಾಗಿಲವರೆಗೆ ಹೋಗುತ್ತಾಳೆ, ಕೇಳಲು ಬಾಯಿ ಬರುವುದಿಲ್ಲ.