ಮೊದಲನೇ ಸೈನು ಮುನಿಯಲ್ಲಮ್ಮಂದು

ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು ಮುನಿಯಲ್ಲಮ್ಮನಿಗೆ. ಕೊಡಿಗೇಹಳ್ಳಿಯ ಸಮುದಾಯ ಭವನದಲ್ಲಿ, ಊರಿಗೆ ಊರೇ ಕೂತಿದ್ದಾಗ, ಪಾಲಿಕೆಯ ಆಫೀಸರು ಹೊಸ ನಿಯಮ ಓದಿ ಹೇಳಿದ್ದರು. ದಿನದ ಲೆಕ್ಕದಲ್ಲಿ ಮನೆ ಬಾಡಿಗೆಗೆ ಕೊಡೋರಿಗೆ ಇನ್ನು ಲೈಸೆನ್ಸ್ ಬೇಕು. ಮಂಜೂರಾದ ಪ್ಲಾನ್ ಇಲ್ಲದ ಮನೆಗೆ ಲೈಸೆನ್ಸ್ ಇಲ್ಲ.

ಪ್ಲಾನಂತೆ, ಪ್ಲಾನು! ಆಕೆಯ ಮಾವನ ಅಪ್ಪ ಹಗ್ಗ ಹಿಡಿದು ಪಾಯ ಹಾಕಿದ ಕಾಲಕ್ಕೆ ಬೆಂಗಳೂರೇ ಇತ್ತ ಬಂದಿರಲಿಲ್ಲ. ಯಾರ ಹತ್ತಿರ ಹೋಗಿ ಪ್ಲಾನ್ ತರಬೇಕಿತ್ತು ಆ ಪುಣ್ಯಾತ್ಮ?

ಗಂಡ ಹೋದಮೇಲೆ ಮಹಡಿಯ ಎರಡು ರೂಮೇ ಆಕೆಗೆ ಅನ್ನ. ಬೆಳಗಿನ ಜಾವದ ವಿಮಾನ ಹಿಡಿದು ದಿಲ್ಲಿಗೋ ಕಾಶಿಗೋ ಪ್ರವಾಸ ಹೊರಟ ಹಾವೇರಿ, ಸಿಂಧನೂರಿನ ಸಂಸಾರಗಳು ಹಿಂದಿನ ದಿನವೇ ಬಂದು ಉಳಿಯುತ್ತಿದ್ದವು. ಬಿಸಿ ಉಪ್ಪಿಟ್ಟು ತಿನ್ನಿಸದೆ ಒಬ್ಬರನ್ನೂ ಆಕೆ ಹೊಸಿಲು ದಾಟಿಸಿದವಳಲ್ಲ. ಅವರನ್ನು ಬಾಡಿಗೆಯವರು ಅಂತ ಯಾವತ್ತೂ ಅಂದಿಲ್ಲ. "ನಮ್ಮನೇಗೆ ನೆಂಟ್ರು ಬಂದವ್ರೆ" ಅನ್ನೋಳು. ದುಡ್ಡು ತಗೊಳ್ಳೋಳು ನಿಜ, ಆದರೂ ಆಕೆಯ ಲೆಕ್ಕದಲ್ಲಿ ನೆಂಟರೇ. ಎಡವಟ್ಟಾಗಿದ್ದೇ ಅಲ್ಲಿ.

ಯಾಕಂದರೆ ಈ ನಿಯಮ ಬೇಕು ಅಂತ ಅರ್ಜಿ ಕೊಟ್ಟವಳೇ ಈ ಮಹಾತಾಯಿ! ಪಕ್ಕದಲ್ಲಿ ಅನಂತರಾಜು ಹದಿನಾರು ಫ್ಲ್ಯಾಟ್ ಕಟ್ಟಿ, ಎಲ್ಲವನ್ನೂ ವೀಕೆಂಡ್ ಪಾರ್ಟಿಯವರಿಗೆ ಬಿಟ್ಟಿದ್ದ. ಕುಣಿತ, ಕೂಗಾಟ, ಗೋಡೆಯಾಚೆಯಿಂದ ಬಾಟ್ಲಿ ಬೀಳೋದು. ಯಜಮಾನ ಮಾತ್ರ ಸಹಕಾರನಗರದಲ್ಲಿ ಸುಖವಾಗಿ ಮಲಗೋನು. ರೋಸಿಹೋಗಿ ಮುನಿಯಲ್ಲಮ್ಮನೇ ಮನೆಮನೆ ಸುತ್ತಿ, ನಲವತ್ತು ಜನರ ಸೈನ್ ಹಾಕಿಸಿದ್ದಳು. ಮೊದಲನೇ ಸೈನು ತನ್ನದೇ. ತನ್ನ ರೂಮೂ ಅದೇ ಜಾತಿಗೆ ಸೇರುತ್ತೆ ಅಂತ ಆಗ ತಲೆಗೇ ಹೊಳೆದಿರಲಿಲ್ಲ.

ಅನಂತರಾಜುವಿನ ಕಾಗದಗಳೆಲ್ಲ ಪಕ್ಕಾ. ಅವನಿಗೆ ಲೈಸೆನ್ಸ್ ಸಿಗುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಹೊಕ್ಕ ಹಾಗೆ, ಅರ್ಜಿ ಆಕೆಯದು, ಲಾಭ ಅವನದು.

ಮುನಿಯಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಇದೇನ್ ಸ್ವಾಮಿ ಅನ್ಯಾಯ? ಕಳ್ಳನ್ನ ಇಡೀರಿ ಅಂತ ಬರ್ಕೊಟ್ರೆ ನನ್ಗೇ ಕೋಳ ಆಕ್ತೀರಾ?"

"ಕಾನೂನು ಎಲ್ರಿಗೂ ಒಂದೇ ಅಲ್ವಾ ಅಕ್ಕಾ" ಅಂದ ಅನಂತರಾಜು, ಬೆಣ್ಣೆಯಂಥ ದನಿಯಲ್ಲಿ.

"ಒಂದೆಂಗಾಯ್ತದೋ? ನನ್ ಮನೇಲಿ ಯಾರಾದ್ರೂ ಕೂಗಾಡಿದ್ರೆ ನನ್ ನಿದ್ದೆ ಕೆಡ್ತದೆ. ನಿನ್ ಮನೇಲಿ ಕೂಗಾಡಿದ್ರೂ ನನ್ ನಿದ್ದೇನೇ ಕೆಡೋದು! ಮನೆಯವ್ರು ಅಲ್ಲೇ ವಾಸ ಇದ್ದಾರಾ ಅಂತ ಮೊದ್ಲು ಕೇಳ್ರಿ. ಆಮೇಲೆ ಪ್ಲಾನ್ ಕೇಳೀರಂತೆ."

ಭವನದಲ್ಲಿ ಗುಸುಗುಸು ಎದ್ದಿತು. ಆಫೀಸರು ಪೆನ್ನು ಕುಟ್ಟಿ ಯೋಚಿಸಿದರು. "ಆಯ್ತಮ್ಮ. ಮನೆಯವರು ವಾಸ ಇರೋ ಹಳೇ ಮನೆಗಳಿಗೆ ವಿನಾಯಿತಿ ಬೇಕು ಅಂತ ಜನ ಒಪ್ಪಿದ್ರೆ, ಹಾಗೇ ಬರೆದು ಮೇಲಕ್ಕೆ ಕಳಿಸ್ತೀನಿ. ಒಪ್ಪೋರು ಕೈ ಎತ್ತಿ."

ಮುನಿಯಲ್ಲಮ್ಮ ಹಿಂದಕ್ಕೆ ತಿರುಗಿದಳು. ಸೈನ್ ಹಾಕಿದ ನಲವತ್ತೂ ಜನ ಅಲ್ಲೇ ಇದ್ದರು, ಎಲ್ಲ ಆಕೆಯ ಕೈಯಲ್ಲಿ ಕಾಫಿ ಕುಡಿದವರೇ. ಅನಂತರಾಜುವೂ ಕುರ್ಚಿ ತಿರುಗಿಸಿಕೊಂಡು ಒಬ್ಬೊಬ್ಬರ ಮುಖ ನೋಡಿದ. ಬೇಸಿಗೆಯಲ್ಲಿ ಆ ಬೀದಿಗೆ ನೀರು ತರುವ ಟ್ಯಾಂಕರು ಅವನದು. ಒಂದು ಕೈಯೂ ಮೇಲೇಳಲಿಲ್ಲ. ಥೂ, ಇವರ ಜನ್ಮಕ್ಕಿಷ್ಟು!

ಎದುರುಮನೆ ರತ್ನಕ್ಕ ನೆಲ ನೋಡುತ್ತಾ ಅಂದಳು: "ದಿನದ ಬಾಡಿಗೆ ಅನ್ನೋದೇ ನಮ್ ಬೀದೀಲಿ ಬ್ಯಾಡ ಅಂತ ನೀನೇ ಅಲ್ವೇನೇ ಯೋಳಿದ್ದು?"

"ಊಂ ಕಣೇ, ಯೋಳಿದ್ದೆ. ನನ್ನೊಬ್ಳನ್ನ ಬಿಟ್ಟು ಅಂತ ಯೋಳೋದು ಮರ್ತಿದ್ದೆ."

ಯಾರೋ ಕಿಸಕ್ಕೆಂದರು. ಮುನಿಯಲ್ಲಮ್ಮನ ಕಣ್ಣಲ್ಲಿ ನೀರು ತುಂಬಿತು, ಸಿಟ್ಟಿಗೋ ನಾಚಿಕೆಗೋ ಆಕೆಗೇ ತಿಳಿಯಲಿಲ್ಲ. ಆಫೀಸರು ಕಡತ ಮಡಚಲು ಹೋದರು. ಆಕೆ ಮೇಜಿನ ಮುಂದೆ ಹೋಗಿ ನಿಂತು ಬಲಗೈ ಎತ್ತಿದಳು.

"ಒಂದು ಅಂತ ಬರ್ಕೊಳಿ ಸ್ವಾಮಿ. ಬರ್ಕೊಳ್ಳೋಗಂಟ ಕೈ ಇಳ್ಸಕಿಲ್ಲ."