ಸೀಲಿನ ಮೇಲೆ ಕೂತ ಮೈಕ್ರೋಸ್ಕೋಪ್

ನಾನು ಒಂದು ಪದ, ಮೈಕ್ರೋಸ್ಕೋಪ್. ಯಂತ್ರವಲ್ಲ, ಅದರ ಹೆಸರು ಮಾತ್ರ. ಹುಟ್ಟಿದ್ದು ನಾನ್ನೂರು ವರ್ಷಗಳ ಹಿಂದೆ, ಇಟಲಿಯಲ್ಲಿ. ಅಲ್ಲಿನ ಪಂಡಿತನೊಬ್ಬ ಗ್ರೀಕರಿಂದ ಎರಡು ಮಾತು ತಂದ: ‘ಮಿಕ್ರೋಸ್’ ಎಂದರೆ ಸಣ್ಣದು, ‘ಸ್ಕೋಪೀನ್’ ಎಂದರೆ ನೋಡುವುದು. ಎರಡನ್ನೂ ಬೆಸೆದು ‘ಮಿಕ್ರೋಸ್ಕೋಪಿಯೋ’ ಎಂದು ಕರೆದ. ಅಣ್ಣ ಟೆಲಿಸ್ಕೋಪ್ ನಕ್ಷತ್ರಗಳ ಸಹವಾಸದಲ್ಲಿ ಬೀಗುತ್ತಿದ್ದ. ನನಗೆ ಸಿಕ್ಕಿದ್ದು ಜೇನುನೊಣದ ಕಾಲು. ಅದಕ್ಕೇನೂ ಬೇಸರವಿರಲಿಲ್ಲ.

ಇಂಗ್ಲಿಷರ ಬಾಯಿಗೆ ಬಿದ್ದು ಬಾಲ ಕಳೆದುಕೊಂಡೆ. ಕೊನೆಗೆ ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆಮೊಟ್ಟೆ ಕೇಂದ್ರದ ಸೀಲಿನಲ್ಲಿ ಬಂದು ಕೂತೆ: ‘ಮೈಕ್ರೋಸ್ಕೋಪ್‌ನಲ್ಲಿ ಪರೀಕ್ಷಿಸಿದೆ’. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ನೋಡಬೇಕು. ತಾಯಿಯಿಂದ ಮೊಟ್ಟೆಗೆ ಇಳಿದು ಹುಳುಗಳನ್ನು ಕೊಲ್ಲುವ ಗಂಟುರೋಗ ಕಂಡರೆ ಮೊಟ್ಟೆ ಸುಡಬೇಕು. ಕಾಣದಿದ್ದರೆ ಮಾತ್ರ ಮೊಟ್ಟೆಯ ಹಾಳೆಗೆ ಸೀಲು.

ಒಂದು ದಿನ ಅಂಬುಜ ಎಂಬ ಹುಡುಗಿ ಬಂದಳು, ರೇಷ್ಮೆ ಸಾಕುವ ಮನೆಗೆ ಸೊಸೆಯಾಗಿ ವರ್ಷವಾಗಿತ್ತಷ್ಟೆ. “ಇದೇ ಮೊದಲನೇ ಸಲ ನಾನೇ ಹುಳ ಸಾಕ್ತಿರೋದು. ಸೊಪ್ಪು ಬಲ್ತೋಗ್ತಾ ಐತಣ್ಣ, ಇವತ್ತೇ ಮೊಟ್ಟೆ ಕೊಡಿ” ಅಂದಳು. ಪರೀಕ್ಷಕ ಚೌಡರೆಡ್ಡಿ ಕೆಟ್ಟವನಲ್ಲ. ಅಯ್ಯೋ ಪಾಪ ಅನ್ನಿಸಿ ಸೀಲು ಒತ್ತಿಯೇಬಿಟ್ಟ. ಅರೆದು ನೋಡಬೇಕಿದ್ದ ಚಿಟ್ಟೆಗಳು ಡಬ್ಬಿಯಲ್ಲೇ ಉಳಿದವು. ಆಮೇಲಾದರೂ ನೋಡುತ್ತಾನೆ ಅಂದುಕೊಂಡೆ. ಅವನು ಕೈ ತೊಳೆದು ಊಟಕ್ಕೆ ಹೋದ. ನಾನು ದಂಗಾಗಿಹೋದೆ.

ಹುಳುಗಳು ಮೂರನೇ ಜ್ವರ, ಅಂದರೆ ಮೂರನೇ ಸಲ ಪೊರೆ ಬಿಡುವ ಹಂತ, ದಾಟಲಿಲ್ಲ. ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ ಎದ್ದು, ತಟ್ಟೆ ತಟ್ಟೆಯೇ ಸತ್ತವು. ಅತ್ತೆ ಆಂಜಿನಮ್ಮ ಬಾಗಿಲಲ್ಲೇ ನಿಂತು, “ಮುಟ್ಟಾದೋಳು ಹುಳದ ಮನೆಗೆ ಹೋಗಿದೀಯ. ಅದಕ್ಕೇ ಹಿಂಗಾಗಿರೋದು” ಅಂದಳು.

“ಇಲ್ಲತ್ತೆ, ದೇವರಾಣೆ. ಮೊಟ್ಟೆಯಾಗೇ ಏನೋ ಇತ್ತು.”

ಚೌಡರೆಡ್ಡಿಯನ್ನು ಕರೆಸಿದರು. ಚುಕ್ಕೆ ಕಂಡದ್ದೇ ಅವನ ಮುಖ ಬಿಳಿಚಿತು. ಇದು ಗಂಟುರೋಗವೆಂದು ಅವನಿಗೆ ಗೊತ್ತಾಗಿತ್ತು.

ಅಂಬುಜ ಕೇಳಿದಳು: “ಅಣ್ಣ, ನೀವು ನೋಡಿ ಕೊಟ್ರಾ?”

ಅವನು ಅವಳ ಕಡೆ ತಿರುಗಲಿಲ್ಲ. ಮೊಟ್ಟೆಹಾಳೆಯ ಮೇಲಿದ್ದ ನನ್ನನ್ನು ಬೆರಳಿಟ್ಟು ತೋರಿಸಿದ. “ಸೀಲು ಐತಲ್ಲಮ್ಮ.”

ಸಾಕ್ಷಿ ಹೇಳಿದ್ದು ನಾನು. ಸುಳ್ಳುಸಾಕ್ಷಿ! ಇಷ್ಟು ವರ್ಷ ಬದುಕಿ, ನನ್ನಿಂದ ಇಂಥ ಕೆಲಸವೂ ಆಗುತ್ತದೆಂದು ನನಗೇ ಗೊತ್ತಿರಲಿಲ್ಲ. ಕೂಗೋಣವೆಂದರೆ ಪದಕ್ಕೆ ಸ್ವಂತ ಬಾಯಿ ಎಲ್ಲಿದೆ? ಯಾರೋ ಆಡಬೇಕು, ಯಾರೋ ಒತ್ತಬೇಕು.

ಹುಳದ ಮನೆಯನ್ನು ಸುಣ್ಣ ಹಾಕಿ ತೊಳೆದರು. ಬೇರೆ ಮೊಟ್ಟೆ ತಂದರು. ಅಂಬುಜ ಈಗ ಸೊಪ್ಪು ಕೊಯ್ದು ಹೊಸ್ತಿಲಲ್ಲೇ ಇಟ್ಟು ಹೋಗುತ್ತಾಳೆ. ಮೊಟ್ಟೆಯದೇನೂ ತಪ್ಪಿಲ್ಲವೆಂದು ಬಂದವರಿಗೆಲ್ಲ ತೋರಿಸಲು ಆಂಜಿನಮ್ಮ ಆ ಹಾಳೆಯನ್ನು ಹುಳದ ಮನೆಯ ಗೋಡೆಗೆ ಅಂಟಿಸಿದ್ದಾಳೆ. ಶಾಯಿ ಮಾಸುತ್ತಿದೆ, ನನಗೂ ವಯಸ್ಸಾಯಿತು. ಒಳಗೆ ನಾನಿದ್ದೇನೆ. ಅಂಬುಜ ಬರುವ ಹಾಗಿಲ್ಲ.