ಅಳತೆಗೆ ನಿಂತವರು

ನಿವೃತ್ತಿಗೆ ಇನ್ನು ಮೂರು ವಾರವಿತ್ತು. ಭೂಗೋಳದ ಪ್ರಾಧ್ಯಾಪಕರು ತಮ್ಮ ಕೋಣೆಯ ಕಪಾಟು ಖಾಲಿ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ, ಒಂದು ಕಪಾಟಿನ ಕಾಗದ ತೆಗೆದು ಇನ್ನೊಂದಕ್ಕೆ ತುಂಬುತ್ತಿದ್ದರು. ಮೂವತ್ತೈದು ವರ್ಷ ಹಳ್ಳಿಗಳನ್ನು ಅಳೆದ ಮನುಷ್ಯನಿಗೆ ಒಂದು ಚೀಟಿ ಬಿಸಾಡಲೂ ಕೈ ಬರುವುದಿಲ್ಲ. ಮೇಜಿನ ಮೇಲೆ ಅವರ ಪುಸ್ತಕದ ಮೂರನೆಯ ಮುದ್ರಣದ ಕರಡು ಕಾದಿತ್ತು. ಗುಡ್ಡದ ಮೆಟ್ಟಿಲು ಹೊಲಗಳು, ಅವುಗಳ ಮಣ್ಣನ್ನು ಹಿಡಿದು ನಿಲ್ಲಿಸಿದ ಗಾರೆಯಿಲ್ಲದ ಕಲ್ಲುಗೋಡೆಗಳು, ಅವುಗಳನ್ನು ಉಳಿಸಿಕೊಂಡು ಬಂದ ಇನ್ನೂರ ಹನ್ನೆರಡು ಮನೆಗಳು, ಇಷ್ಟೇ ಅದರ ವಿಷಯ. ಅದರಿಂದಲೇ ಅವರಿಗೆ ಹೆಸರು ಬಂದದ್ದು. ಗುಡ್ಡದ ಊರಿನವರು ಅವರನ್ನು ‘ನಕ್ಷೆ ಮೇಷ್ಟ್ರು’ ಎಂದು ಕರೆಯುತ್ತಿದ್ದರು.

ಹತ್ತೂವರೆಯ ಹೊತ್ತಿಗೆ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತರು. ಅರವತ್ತರ ಹತ್ತಿರದ ವಯಸ್ಸು, ಬೆರಳ ಗೆಣ್ಣುಗಳ ಮೇಲೆಲ್ಲ ಹಳೆಯ ಗಾಯದ ಗುರುತು. ಮೇಲಿನ ಹೊಲದ ಮನೆಯವಳು ಎಂದರೂ ಪ್ರಾಧ್ಯಾಪಕರಿಗೆ ಗುರುತು ಹತ್ತಲಿಲ್ಲ. ಗಂಡನ ವಿಷಯ ತೆಗೆದ ಕೂಡಲೇ ಹತ್ತಿತು. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವರು, ಒಳ್ಳೆಯ ಮಾತುಗಾರ. ತೀರಿಕೊಂಡು ಎರಡು ವರ್ಷವಾಗಿತ್ತಂತೆ.

ಆಕೆ ಬಂದ ಕಾರಣ ಇದು. ಮೆಟ್ಟಿಲು ಹೊಲಗಳೆಲ್ಲ ಊರ ಸಂಘದ ಆಸ್ತಿ. ಗೋಡೆ ಕಾಪಾಡಿದವರಿಗೆ ಉಳುವ ಹಕ್ಕು. ಈಗ ಗೋಡೆಗಳು ಸರ್ಕಾರದ ಪರಂಪರೆಯ ಪಟ್ಟಿಗೆ ಸೇರುತ್ತಿದ್ದವು, ಹೀಗಾಗಿ ಒಂದೊಂದು ಹೊಲವನ್ನೂ ಒಬ್ಬೊಬ್ಬರ ಹೆಸರಿಗೆ ಬರೆಯಬೇಕಾಗಿತ್ತು. ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ಮೈದುನ ಮೇಲಿನ ಹೊಲ ತನಗೆ ಬೇಕೆಂದಿದ್ದ. ಉಳುಮೆ ನಿಲ್ಲಿಸಿ ಪ್ರವಾಸಿಗರಿಗೆ ತಂಗುವ ಮನೆ ಕಟ್ಟುವುದು ಅವನ ಯೋಚನೆ. ಸಾಕ್ಷಿಗೆ ಪ್ರಾಧ್ಯಾಪಕರ ಪುಸ್ತಕವನ್ನೇ ಇಟ್ಟಿದ್ದ. ‘ಈ ಗೋಡೆಯನ್ನು ಮೂವರು ಸೋದರರು ನೋಡಿಕೊಳ್ಳುತ್ತಾರೆ’ ಎಂದು ಅದರಲ್ಲಿ ಅಚ್ಚಾಗಿತ್ತು. ಮೂವರಲ್ಲಿ ಈಗ ಉಳಿದವನು ಅವನೊಬ್ಬನೇ.

“ಮದುವೆಯಾಗಿ ಬಂದ ವರ್ಷದಿಂದ ಆ ಗೋಡೆ ಎತ್ತಿ ನಿಲ್ಲಿಸ್ತಿರೋದು ನಾನು,” ಎಂದರು ಆಕೆ. “ಪ್ರತಿ ಮಳೆಗೂ ಬೀಳುತ್ತೆ, ಪ್ರತಿ ಸಲ ಕಟ್ತೀನಿ.”

“ನಾನು ಊಹೆ ಮಾಡಿ ಬರೆದದ್ದಲ್ಲಮ್ಮ. ಮನೆಮನೆಗೂ ಬಂದು ಕೇಳಿದ್ದೆ.”

“ಕೇಳಿದ್ರಿ, ಇಲ್ಲ ಅನ್ನಲ್ಲ. ಹತ್ತು ಗಂಟೆ ಬಸ್ಸಿಗೆ ಬರ್ತಿದ್ರಿ, ನಾಲ್ಕು ಗಂಟೆ ಬಸ್ಸಿಗೆ ಹೋಗ್ತಿದ್ರಿ. ಆ ಹೊತ್ತಲ್ಲಿ ಮನೆ ಮುಂದಿನ ಕಟ್ಟೆ ಮೇಲೆ ಯಾರು ಕೂತಿರ್ತಾರೆ ಮೇಷ್ಟ್ರೇ? ಕೆಲಸ ಇಲ್ಲದವರು. ಅವರನ್ನ ಕೇಳ್ಕೊಂಡು ಕೆಲಸದ ಪುಸ್ತಕ ಬರೆದ್ರಿ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಆಕೆ ಮೇಜಿನ ಮೇಲಿದ್ದ ಪುಸ್ತಕ ತೆಗೆದು ಹದಿನಾಲ್ಕನೆಯ ಚಿತ್ರದ ಮೇಲೆ ಬೆರಳಿಟ್ಟರು. ಗೋಡೆಯ ಚಿತ್ರ, ಅದರ ಪಕ್ಕದಲ್ಲೊಬ್ಬ ಹೆಂಗಸು. ಕೆಳಗೆ ಹೀಗಿತ್ತು: ‘ಗಾರೆಯಿಲ್ಲದ ಕಲ್ಲುಗೋಡೆ. ಎತ್ತರ ತಿಳಿಯಲೆಂದು ಪಕ್ಕದಲ್ಲಿ ಒಬ್ಬ ವ್ಯಕ್ತಿ.’

“ಇದು ನಾನು. ಸ್ವಲ್ಪ ನಿಲ್ಲಿ ಅಂದ್ರಿ, ನಿಂತೆ. ನೀವು ಹೋದ ಮೇಲೆ ಕಲ್ಲು ಇಟ್ಟೆ.”

ಬಂಡೆಯನ್ನೋ ಗೋಡೆಯನ್ನೋ ಚಿತ್ರ ತೆಗೆಯುವಾಗ ಅಳತೆಗಾಗಿ ಪಕ್ಕದಲ್ಲಿ ಒಂದು ಕೊಡೆ, ಒಂದು ಸುತ್ತಿಗೆ ಅಥವಾ ಒಬ್ಬ ಮನುಷ್ಯ ಇರಬೇಕೆಂದು ಪ್ರಾಧ್ಯಾಪಕರು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳಿಕೊಡುತ್ತಿದ್ದರು. ಉದಾಹರಣೆಗೆ ತೋರಿಸುತ್ತಿದ್ದದ್ದು ಇದೇ ಚಿತ್ರ. ಆ ಹೆಂಗಸು ಎರಡೂ ಕೈಯಲ್ಲಿ ಹಿಡಿದಿದ್ದ ಕಲ್ಲು ಅವರ ಕಣ್ಣಿಗೆ ಬಿದ್ದದ್ದು ಇವತ್ತೇ. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು.

ಆದರೂ ಸಂಘದ ಸಭೆಗೆ ಬಂದು ಇದನ್ನು ಹೇಳಿ ಎಂದು ಆಕೆ ಕೇಳಿದಾಗ ಅವರು ಹೇಳಿದ್ದು ‘ನೋಡೋಣ’ ಎಂದಷ್ಟೇ. ಈ ಮನೆಯದು ತಪ್ಪಾದರೆ ಉಳಿದ ಇನ್ನೂರ ಹನ್ನೊಂದು ಮನೆಗಳ ಗತಿಯೇನು? ಹೆಸರು ತಂದುಕೊಟ್ಟ ಪುಸ್ತಕಕ್ಕೆ ನಿವೃತ್ತಿಯ ಹೊಸ್ತಿಲಲ್ಲಿ ತಾವೇ ಮಸಿ ಬಳಿಯುವುದೇ? ಅವರಿಗೆ ಹೆದರಿಕೆಯಾಗಿತ್ತು.

ಸಂಜೆ ಮನೆಯಲ್ಲಿ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಹರವಿಕೊಂಡು ಕೂತರು. ಪ್ರತಿ ಭೇಟಿಯ ಹೊತ್ತನ್ನೂ ಶಿಸ್ತಾಗಿ ಬರೆದಿಟ್ಟಿದ್ದರು: ಹತ್ತು ನಲವತ್ತು, ಹನ್ನೊಂದೂಕಾಲು, ಎರಡು ಗಂಟೆ. ಹೆಂಗಸರ ಉದ್ಯೋಗದ ಕಡೆ ಸಾಲಾಗಿ ಒಂದೇ ಮಾತು, ‘ಇಲ್ಲ, ಮನೆಯಲ್ಲಿದ್ದಾರೆ’. ಹಾಗೆ ಬರೆದವರಲ್ಲಿ ಒಬ್ಬರನ್ನಾದರೂ ಮನೆಯಲ್ಲಿ ಕಂಡದ್ದು ಅವರಿಗೆ ನೆನಪಾಗಲಿಲ್ಲ.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಎಲ್ಲವನ್ನೂ ಕೇಳಿ ನಕ್ಕರು. “ಭಾನುವಾರ ಹತ್ತು ಗಂಟೆಗೆ ಯಾರಾದ್ರೂ ನಮ್ಮನೆಗೆ ಬಂದು ಕೇಳ್ಲಿ. ನಾನು ಡ್ಯೂಟಿಲಿರ್ತೀನಿ, ನೀವು ಪೇಪರ್ ಹಿಡ್ಕೊಂಡು ಕೂತಿರ್ತೀರಿ. ಈ ಮನೆ ನಡೆಸೋರು ನೀವೇ ಅಂತ ಬರ್ಕೊಂಡು ಹೋಗ್ತಾರೆ,” ಎಂದರು. ಪ್ರಾಧ್ಯಾಪಕರಿಗೆ ನಗು ಬರಲಿಲ್ಲ. ಆ ವಾರವೇ ಮುದ್ರಕರಿಗೆ ಫೋನ್ ಮಾಡಿ ಮುದ್ರಣವನ್ನು ತಡೆಹಿಡಿಯಲು ಹೇಳಿದರು.

ಸಂಘದ ಸಭೆ ಶಾಲೆಯ ಹಜಾರದಲ್ಲಿ ನಡೆಯಿತು. ಮೈದುನ ಜಗಳಗಂಟನೇನಲ್ಲ. “ಅತ್ತಿಗೆ ಮೇಲೆ ನನಗೆ ದ್ವೇಷ ಇಲ್ಲ,” ಎಂದ. “ಅದು ನಮ್ಮಪ್ಪ ಕಟ್ಟಿದ ಗೋಡೆ. ಆ ಚೂರು ಹೊಲದಲ್ಲಿ ಇನ್ನೆಷ್ಟು ವರ್ಷ ಬೆಳೆ ತೆಗೀತಾರೆ? ನಾಲ್ಕು ಜನ ಬಂದು ನೋಡಿದ್ರೆ ಗೋಡೆನೂ ಉಳಿಯುತ್ತೆ, ಊರೂ ಉಳಿಯುತ್ತೆ.” ತೆಗೆದು ಹಾಕುವ ಮಾತಲ್ಲ ಅದು. ಪ್ರಾಧ್ಯಾಪಕರೇ ಹಿಂದೊಮ್ಮೆ ಹಾಗೆ ಬರೆದಿದ್ದರು. ಸಭೆಯವರು ತಲೆಯಾಡಿಸಿದರು, ಅಧ್ಯಕ್ಷರು ಪುಸ್ತಕದಲ್ಲಿ ಕಾಗದದ ಗುರುತಿಟ್ಟಿದ್ದ ಪುಟ ತೆರೆದರು.

ಪ್ರಾಧ್ಯಾಪಕರು ಎದ್ದು ನಿಂತರು. “ಆ ಪುಟ ತಪ್ಪು,” ಎಂದರು. “ಗೋಡೆ ಲೆಕ್ಕ ಸರಿಯಾಗಿದೆ, ಜನರ ಲೆಕ್ಕ ತಪ್ಪಾಗಿದೆ. ನಾನು ಕಟ್ಟೆ ಮೇಲೆ ಕೂತಿದ್ದವರನ್ನ ಕೇಳಿದೆ, ಹೊಲಕ್ಕೆ ಹೋಗಿ ಕೇಳಲಿಲ್ಲ.” ಅದನ್ನೇ ಬರೆದು ಸಹಿ ಮಾಡಿದ್ದ ಕಾಗದವನ್ನು ಅಧ್ಯಕ್ಷರಿಗೆ ಕೊಟ್ಟು, ಹದಿನಾಲ್ಕನೆಯ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ತಂದದ್ದನ್ನು ಮೇಜಿನ ಮೇಲೆ ಹಾಸಿದರು.

ಮೈದುನ ಬಗ್ಗಿ ಬಹಳ ಹೊತ್ತು ನೋಡಿದ. “ಇದು ಅಪ್ಪ ಹೋದ ವರ್ಷ,” ಎಂದ ಕೊನೆಗೆ. “ಗೋಡೆ ಅರ್ಧ ಬಿದ್ದಿತ್ತು. ಬಾ ಅಂತ ಅಣ್ಣ ಹೇಳಿಕಳಿಸಿದ್ದ, ನಾನು ಬರಲಿಲ್ಲ. ಮುಂದಿನ ಸಲ ಬಂದಾಗ ಗೋಡೆ ನಿಂತಿತ್ತು. ಯಾರು ನಿಲ್ಲಿಸಿದ್ರು ಅಂತ ಕೇಳಲೂ ಇಲ್ಲ.” ಅವನು ತನ್ನ ಅರ್ಜಿಯನ್ನು ಅಧ್ಯಕ್ಷರ ಮುಂದಿನಿಂದ ತೆಗೆದು ಮಡಚಿ ಜೇಬಿಗಿಟ್ಟುಕೊಂಡ. ಹೊಲ ಅತ್ತಿಗೆಯ ಹೆಸರಿಗಾಯಿತು.

ಪುಸ್ತಕ ಹೊರಬರಲು ಮತ್ತೆ ಒಂದೂವರೆ ವರ್ಷ ಹಿಡಿಯಿತು. ನಿವೃತ್ತರಾದ ನಕ್ಷೆ ಮೇಷ್ಟ್ರು ಇನ್ನೂರ ಹನ್ನೆರಡು ಮನೆಗಳನ್ನೂ ಮತ್ತೆ ಸುತ್ತಿದರು, ಈ ಸಲ ಬೆಳಗಿನ ಆರು ಗಂಟೆಗೆ, ಹೊಲದ ಬದುವಿನ ಮೇಲೆ ನಿಂತು. ಹತ್ತಕ್ಕೆ ಮುಂಚೆ ಬಸ್ಸಿಲ್ಲದ ಕಾರಣ ಮೈದುನನೇ ಅಂಗಡಿ ತೆರೆಯುವ ಮೊದಲು ತನ್ನ ಗಾಡಿಯಲ್ಲಿ ಕರೆದುಕೊಂಡು ಬರುತ್ತಿದ್ದ. ಹೊಸ ಚಿತ್ರ ತೆಗೆದವನೂ ಅವನೇ. ಆವತ್ತು ಆಕೆ ಕಲ್ಲಿಡುತ್ತಲೇ, “ಮೇಷ್ಟ್ರೇ, ಸ್ವಲ್ಪ ಆ ಕಡೆ ನಿಲ್ಲಿ,” ಎಂದರು. ಅವರು ಹೋಗಿ ನಿಂತರು.

ಹೊಸ ಮುದ್ರಣದಲ್ಲಿ ಹದಿನಾಲ್ಕನೆಯ ಚಿತ್ರದ ಕೆಳಗೆ ಹೀಗಿದೆ: ‘ಮೇಲಿನ ಹೊಲದ ರೈತ ಮಹಿಳೆ, ಗೋಡೆ ಕಟ್ಟುತ್ತಿರುವುದು. ಎತ್ತರ ತಿಳಿಯಲೆಂದು ಪಕ್ಕದಲ್ಲಿ ಒಬ್ಬ ಪ್ರಾಧ್ಯಾಪಕ.’